ಅರ್ಧ ಹಾಜರಿ

ನನ್ನ ನಾದಿನಿ ರುದ್ರಾಣಿಗೆ ಬುದ್ಧಿ ಪೂರ್ತಿ ಬೆಳೆದಿಲ್ಲ ಎಂದು ಊರಿನವರು ಹೇಳುತ್ತಾರೆ. ಬೆಳೆದಷ್ಟು ಬುದ್ಧಿಯಲ್ಲೇ ಅವಳು ನಮ್ಮ ಮನೆಯನ್ನು ಆಳುತ್ತಿದ್ದಾಳೆ. ಪೂರ್ತಿ ಬೆಳೆದುಬಿಟ್ಟಿದ್ದರೆ ನಾವೆಲ್ಲ ಗಂಟುಮೂಟೆ ಕಟ್ಟಿಕೊಂಡು ಊರು ಬಿಡಬೇಕಾಗುತ್ತಿತ್ತು.

ವಯಸ್ಸು ನಲವತ್ತು ದಾಟಿದೆ. ಹುಟ್ಟಿನಿಂದಲೇ ಮಾತು ನಿಧಾನ, ರವಿಕೆಯ ಗುಂಡಿ ಹಾಕಿಕೊಳ್ಳುವುದು ಇನ್ನೂ ನಿಧಾನ. ಸಿಟ್ಟು ಬರುವುದರಲ್ಲಿ ಮಾತ್ರ ಯಾವ ನಿಧಾನವೂ ಇಲ್ಲ. ನಮ್ಮತ್ತೆ ವಿಶಾಲಾಕ್ಷಮ್ಮ ಇರುವ ತನಕ ಮಗಳಿಗೆ ಜಡೆ ಹಾಕುವುದರಿಂದ ಹಿಡಿದು ಅನ್ನ ಕಲಸಿಕೊಡುವ ತನಕ ಎಲ್ಲವನ್ನೂ ಅವರೇ ಮಾಡುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡ ಮೇಲೆ ನಮ್ಮನೆಯವರಿಗೆ, ಅಂದರೆ ರುದ್ರಾಣಿಯ ಅಣ್ಣ ರೇವಣ್ಣನವರಿಗೆ, ಒಂದೇ ಚಿಂತೆ ಹತ್ತಿಕೊಂಡಿತು.

"ನಮ್ಮ ಕಾಲ ಆದ್ಮೇಲೆ ಇವಳನ್ನ ಯಾರು ನೋಡ್ಕೊಳ್ತಾರೆ ಮಾರಾಯ್ತಿ?" ಎಂದು ಕಾಫಿ ಕುಡಿಯುವಾಗಲೂ ಅದೇ, ಗಿಡ ಕಸಿ ಮಾಡುವಾಗಲೂ ಅದೇ. ಚಿಕ್ಕಮಗಳೂರಿನ ಹತ್ತಿರ ಇಂಥವರಿಗಾಗಿ ಒಂದು ಆಶ್ರಮ ಇದೆ ಎಂದು ಯಾರೋ ಹೇಳಿದ್ದೇ ತಡ, ತಂಗಿಯನ್ನು ಅಲ್ಲಿಗೆ ಸೇರಿಸುವುದೆಂದು ತೀರ್ಮಾನಿಸಿಬಿಟ್ಟರು. ರುದ್ರಾಣಿ "ನಾ ಎಲ್ಲೂ ಹೋಗಲ್ಲ" ಎಂದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಅಣ್ಣ ಬೇಡಿಕೊಂಡರೂ ತೆಗೆಯಲಿಲ್ಲ. ನಾನು ಕಡುಬು ಬೇಯಿಸಿದೆ, ವಾಸನೆಗೆ ಹೊರಗೆ ಬಂದಳು. ತಿಂದು ಮುಗಿಸಿ, "ಆದ್ರೂ ಹೋಗಲ್ಲ" ಎಂದಳು.

ಆಗ ಆಲ್ದೂರಿನ ಒಂದು ಸಣ್ಣ ಸಂಸ್ಥೆಯಿಂದ ಶಾಲಿನಿ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ನೆರವಿಗೆ ಒಬ್ಬರನ್ನು ಕೊಡುತ್ತೇವೆ, ಸಂಬಳ ಸಂಸ್ಥೆಯದು ಎಂದಳು. ಆದರೆ ಯಾರು ಬೇಕು, ಎಷ್ಟು ಹೊತ್ತಿಗೆ ಬೇಕು, ಯಾವ ಕೆಲಸಕ್ಕೆ ಬೇಕು ಎನ್ನುವುದನ್ನು ರುದ್ರಾಣಿಯೇ ಹೇಳಬೇಕಂತೆ.

"ಅವಳಿಗೇನು ಗೊತ್ತಾಗುತ್ತೆ?" ಎಂದರು ನಮ್ಮನೆಯವರು.

"ಮಳೆಗಾಲ ಮುಗಿಯೋ ತನಕ ನೋಡಿ ಸರ್. ಸರಿಹೋಗ್ಲಿಲ್ಲ ಅಂದ್ರೆ ಆಮೇಲೆ ನಿಮ್ಮಿಷ್ಟ" ಎಂದ ಶಾಲಿನಿ, ರುದ್ರಾಣಿಯ ಕಡೆ ತಿರುಗಿ, "ರುದ್ರಾಣಿಯವ್ರೇ, ಬರೋರು ನಿಮ್ಮ ಕೈಕೆಳಗೆ ಕೆಲಸ ಮಾಡ್ತಾರೆ" ಎಂದಳು.

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ಈ ಮನೆಯಲ್ಲಿ ಆ ಮಾತು ಆಡಬಾರದಿತ್ತು. ನಮ್ಮ ಮಾವ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವರು. ಬೆಳಿಗ್ಗೆ ಸೀಟಿ ಊದಿ, ಆಳುಗಳನ್ನು ಸಾಲಾಗಿ ನಿಲ್ಲಿಸಿ, ಹೆಸರು ಕೂಗಿ ಹಾಜರಿ ತೆಗೆದುಕೊಂಡು ಕೆಲಸ ಹಂಚುತ್ತಿದ್ದರು. ಚಿಕ್ಕವಳಿದ್ದಾಗ ರುದ್ರಾಣಿ ದಿನಾ ಅವರ ಪಕ್ಕ ನಿಂತು ಅದನ್ನೆಲ್ಲ ನೋಡಿದವಳು. ಕೈಕೆಳಗೆ ಆಳು ಇದೆ ಎಂದ ಮೇಲೆ ತಾನು ಯಾರು? ಮೇಸ್ತ್ರಿ! ಮಾರನೆಯ ದಿನ ನಾವು ಹಾಸಿಗೆಯಿಂದ ಏಳುವ ಮೊದಲೇ ಅಂಗಳದಲ್ಲಿ ಮಾವನ ಹಳೇ ಸೀಟಿ ಕೇಳಿಸಿತು. ಅತ್ತೆ ಟ್ರಂಕಿನಲ್ಲಿ ಎತ್ತಿಟ್ಟಿದ್ದನ್ನು ಯಾವಾಗ ಹುಡುಕಿಕೊಂಡಿದ್ದಳೋ.

ಅಂದಿನಿಂದ ನಮಗೆಲ್ಲ ಹಾಜರಿ. "ಅತ್ತಿಗೆ?" ಎಂದರೆ ನಾನು ಒಲೆಯ ಮುಂದಿನಿಂದಲೇ "ಬಂದೆ" ಎನ್ನಬೇಕು. "ರೇವಣ್ಣ?" ಎಂದರೆ ನಮ್ಮನೆಯವರು ಪೇಪರಿನ ಹಿಂದೆ ಅಡಗಿಕೊಳ್ಳುತ್ತಿದ್ದರು. ತಂಗಿಯ ಬಾಯಲ್ಲಿ ಬರೀ ಹೆಸರು ಕೇಳಿಸಿಕೊಳ್ಳುವುದು ಬೇರೆ! ಅವಳು ಸ್ವಲ್ಪ ಕಾದು, ಊರಿಗೆಲ್ಲ ಕೇಳುವ ಹಾಗೆ "ರೇವಣ್ಣ ಗೈರು" ಎನ್ನುತ್ತಿದ್ದಳು.

ನೆರವಿಗೆ ಮೊದಲು ಬಂದದ್ದು ಕೃತಿಕಾ, ನಮ್ಮನೆಯವರೇ ಹುಡುಕಿ ತಂದ ದೂರದ ಸಂಬಂಧದ ಹುಡುಗಿ. ತುಂಬ ಚುರುಕು. ರುದ್ರಾಣಿ ಲೋಟಕ್ಕೆ ಕೈ ಚಾಚುವಷ್ಟರಲ್ಲಿ ತಾನೇ ಎತ್ತಿ ಬಾಯಿಗೆ ಹಿಡಿದು, "ಪಾಪ, ಇವ್ರಿಗೆ ಆಗಲ್ಲ ಅಲ್ವಾ" ಎಂದಳು. ಜಡೆ ಹಾಕುವಾಗ ಇನ್ನೊಂದು ಪಾಪ, ಚಪ್ಪಲಿ ತೊಡಿಸುವಾಗ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಅಂಗಳದಲ್ಲಿ ನಿಂತು ಸೀಟಿ ಊದಿ, "ಅರ್ಧ ಹಾಜರಿ. ಮನೆಗೆ ಹೋಗು" ಎಂದಳು. ಎಸ್ಟೇಟಿನಲ್ಲಿ ತಡವಾಗಿ ಬಂದವರಿಗೂ ಅರ್ಧ ದಿನಕ್ಕೇ ಕೆಲಸ ಬಿಡಿಸಿದವರಿಗೂ ಮಾವ ಹೇಳುತ್ತಿದ್ದ ಮಾತು ಅದು. ನಮ್ಮನೆಯವರಿಗೆ ನೆಂಟರ ಮುಂದೆ ಮುಖ ಎತ್ತುವುದಕ್ಕಾಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಇರಮ್ ಕೆಲಸ ಕೇಳಿಕೊಂಡು ಬಂದವಳೇ ಅಲ್ಲ. ಆಲ್ದೂರಿನ ಮೆಕ್ಯಾನಿಕ್ ಇದ್ರೀಸ್ ಸಾಹೇಬರ ಮಗಳು, ರಿಪೇರಿಯಾದ ನಮ್ಮ ಮಿಕ್ಸಿ ಕೊಡಲು ಬಂದಿದ್ದಳು. ಜಗಲಿಯಲ್ಲಿ ರುದ್ರಾಣಿ ಸ್ವೆಟರಿನ ಗುಂಡಿಗಳ ಜೊತೆ ಗುದ್ದಾಡುತ್ತಿದ್ದಳು. ಇರಮ್ ಮಿಕ್ಸಿ ಕೆಳಗಿಟ್ಟು, "ಅಕ್ಕಾ, ನಾನೇನಾದ್ರೂ ಮಾಡ್ಬೇಕಾ?" ಎಂದು ಕೇಳಿದಳು.

"ಬೇಡ."

"ಸರಿ" ಎಂದು ಇರಮ್ ಕೈಕಟ್ಟಿ ಕುಳಿತಳು. ಮೂರು ಗುಂಡಿ ಹಾಕುವಷ್ಟರಲ್ಲಿ ನನ್ನ ಸಾರು ಕುದಿದು ಆರಿತ್ತು. ಕೊನೆಯದು ಕುತ್ತಿಗೆಯ ಹತ್ತಿರದ್ದು, ಕಣ್ಣಿಗೆ ಕಾಣುವುದಿಲ್ಲ. ರುದ್ರಾಣಿ ಗಲ್ಲ ಎತ್ತಿ, "ಇದು ನೀ ಹಾಕು" ಎಂದಳು. ಹಾಕಿಸಿಕೊಂಡು ನನ್ನನ್ನು ಕರೆದು, "ಇವಳೇ" ಎಂದಳು.

"ಅಲ್ಲ ಕಣೇ, ಅವಳು ಮಿಕ್ಸಿ ಕೊಡೋಕೆ ಬಂದವಳು" ಎಂದು ಒಳಗಿನಿಂದ ನಮ್ಮನೆಯವರು ಕೂಗಿದರು.

"ಕೊಟ್ಟಾಯ್ತಲ್ಲ" ಎಂದಳು ರುದ್ರಾಣಿ.

ಶಾಲಿನಿ ಹೋಗಿ ಮಾತಾಡಿದಳು. ಇದ್ರೀಸ್ ಸಾಹೇಬರು ಒಪ್ಪಿದರು, ಇರಮ್ ಬರತೊಡಗಿದಳು. ಏನು ಕಲಿಯಬೇಕು ಎಂದು ಶಾಲಿನಿ ಕೇಳಿದಾಗ ಹೊಲಿಗೆ, ಕಸೂತಿ ಎಂದು ನಾವೆಲ್ಲ ಸೂಚಿಸಿದೆವು. ರುದ್ರಾಣಿಗೆ ಬೇಕಾಗಿದ್ದು ಬೇರೆಯೇ: "ಹೋಟ್ಲಲ್ಲಿ ನಾನೇ ಹೇಳ್ಬೇಕು." ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ಹೆದರಿಕೆಯಿಂದ ಅತ್ತೆ ಅವಳಿಗೆ ಯಾವಾಗಲೂ ಇಡ್ಲಿಯನ್ನೇ ಹೇಳುತ್ತಿದ್ದರು. ಪಕ್ಕದ ಮೇಜಿನ ಮಸಾಲೆ ದೋಸೆಯನ್ನು ಇಷ್ಟು ವರ್ಷ ಅವಳು ನೋಡಿದ್ದಷ್ಟೇ. ಇಬ್ಬರೂ ಬಸ್ಸಿನಲ್ಲಿ ಆಲ್ದೂರಿಗೆ ಹೋದರು. ಸಪ್ಲೈಯರ್ ಎಲ್ಲರಂತೆ ಇರಮ್‌ಳನ್ನೇ ನೋಡಿ, "ಇವ್ರಿಗೇನು ಕೊಡ್ಲಿ?" ಎಂದನಂತೆ. "ನಾನು ಆಳು. ಮೇಸ್ತ್ರಿ ಅವ್ರು, ಅವ್ರನ್ನೇ ಕೇಳಿ" ಎಂದಳಂತೆ ಇರಮ್. ಆಮೇಲೆ ವಾರಕ್ಕೊಂದು ಸಲ ಇದೇ ಕಲಿಕೆ. ಎಂಥ ವಿದ್ಯಾಭ್ಯಾಸ ನೋಡಿ!

ಮಳೆ ನಿಂತಿತು. ಆಶ್ರಮದವರು ಫೋನ್ ಮಾಡಿ ಒಂದು ಜಾಗ ಖಾಲಿ ಇದೆ ಎಂದರು. "ಸುಮ್ನೆ ನೋಡ್ಕೊಂಡು ಬರೋಣ" ಎಂದು ನಮ್ಮನೆಯವರು ಜೀಪು ತೆಗೆದರು. ರುದ್ರಾಣಿ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹತ್ತಿದಳು.

ಆಶ್ರಮ ಚೊಕ್ಕಟವಾಗಿತ್ತು, ನೋಡಿಕೊಳ್ಳುವ ಮೇಡಂ ಒಳ್ಳೆಯವರು. ದೂರುವುದಕ್ಕೆ ಏನೂ ಇಲ್ಲ ಎನ್ನುವುದೇ ನನಗೆ ಸಿಟ್ಟು. "ಇವ್ರಿಗೆ ಏನಿಷ್ಟ?" ಎಂದು ಅವರು ಅಣ್ಣನನ್ನು ಕೇಳಿದರು.

"ಇಡ್ಲಿ" ಎಂದರು ನಮ್ಮನೆಯವರು.

"ಅಲ್ಲ" ಎಂದಳು ರುದ್ರಾಣಿ.

"ಯಾವುದಕ್ಕಾದ್ರೂ ಹೆದರ್ತಾರಾ?"

"ಗುಡುಗಿಗೆ."

"ಗುಡುಗಿಗೆ ಹೆದರ್ತಿದ್ದಿದ್ದು ಅಮ್ಮ."

"ಯಾರನ್ನ ಕಂಡ್ರೆ ತುಂಬ ಪ್ರೀತಿ?"

ನಮ್ಮನೆಯವರು ತಡವರಿಸಿ, "ನನ್ನನ್ನ ಕಂಡ್ರೆ" ಎಂದರು. ಅದಕ್ಕೆ ಮಾತ್ರ ರುದ್ರಾಣಿ ಅಲ್ಲ ಎನ್ನಲಿಲ್ಲ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ.

ರುದ್ರಾಣಿ ಮೇಡಂಗೆ ತಾನೇ ಒಂದು ಪ್ರಶ್ನೆ ಹಾಕಿದಳು. "ಇಲ್ಲಿ ಹಾಜರಿ ಯಾರು ತಗೊಳ್ತಾರೆ?"

"ನಾನೇ ತಗೊಳ್ತೀನಿ."

"ನಾನು?"

"ನೀವು ಬಂದೆ ಅನ್ಬೇಕು ಅಷ್ಟೆ" ಎಂದು ಅವರು ನಕ್ಕರು. ರುದ್ರಾಣಿ ನಗಲಿಲ್ಲ, ಸೀಟಿಯನ್ನು ನೋಡುತ್ತ ಕುಳಿತಳು.

"ಯೋಚನೆ ಮಾಡಿ ನಾಳೆ ಹೇಳ್ತೀನಿ" ಎಂದು ನಮ್ಮನೆಯವರು ಎದ್ದರು. ವಾಪಸು ಬರುವಾಗ ಹಸಿವೆಯಾಗಿತ್ತು, ಆಲ್ದೂರಿನ ಆ ಹೋಟೆಲಿನ ಮುಂದೆಯೇ ನಿಲ್ಲಿಸಿದರು. ಸಪ್ಲೈಯರ್ ನೆಟ್ಟಗೆ ರುದ್ರಾಣಿಯ ಹತ್ತಿರ ಬಂದು, "ಬನ್ನಿ ಮೇಸ್ತ್ರಮ್ಮ, ಮಸಾಲೆ ತಾನೇ?" ಎಂದ. ಆಮೇಲೆ ನಮ್ಮನೆಯವರ ಕಡೆ ಬೆರಳು ತೋರಿಸಿ ಅವಳನ್ನೇ ಕೇಳಿದ, "ಇವ್ರಿಗೇನು ಕೊಡ್ಲಿ?"

ರುದ್ರಾಣಿ ಅಣ್ಣನ ಬಾಡಿದ ಮುಖವನ್ನು ಒಂದು ಗಳಿಗೆ ನೋಡಿದಳು.

"ಪಾಪ" ಎಂದಳು. "ಅಣ್ಣಂಗೆ ಇಡ್ಲಿ ಕೊಡಿ."

ನಮ್ಮನೆಯವರಿಗೆ ಇಡ್ಲಿ ಎಂದರೆ ಆಗುವುದಿಲ್ಲ. ತಲೆ ತಗ್ಗಿಸಿಕೊಂಡು ಎರಡನ್ನೂ ತಿಂದರು, ಚಟ್ನಿ ಕೂಡ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಎಂದಿನಂತೆ ಸೀಟಿ ಕೇಳಿಸಿತು. "ಇರಮ್?" "ಬಂದೆ ಮೇಸ್ತ್ರಿ." "ಅತ್ತಿಗೆ?" "ಬಂದೆ." "ರೇವಣ್ಣ?" ಜಗಲಿಯಲ್ಲಿ ಪೇಪರು ಮಡಿಸಿದಂತೆಯೇ ಬಿದ್ದಿತ್ತು. ರುದ್ರಾಣಿ ಕಾದಳು, ಎಂದಿಗಿಂತ ಹೆಚ್ಚು ಹೊತ್ತು. ಇನ್ನೇನು ಗೈರು ಎನ್ನಬೇಕು, ಅಷ್ಟರಲ್ಲಿ ನಮ್ಮನೆಯವರು ಫೋನ್ ಹಿಡಿದುಕೊಂಡು ಒಳಗಿನಿಂದ ದಡಬಡ ಇಳಿದು ಬಂದು ಇರಮ್ ಪಕ್ಕ ಸಾಲಿನಲ್ಲಿ ನಿಂತರು.

"ಬಂದೆ" ಎಂದರು. "ಆಶ್ರಮದವ್ರಿಗೆ ಫೋನ್ ಮಾಡ್ತಿದ್ದೆ. ಜಾಗ ಬೇಡ ಅಂದೆ, ನಮ್ಮ ರುದ್ರಾಣಿ ಇಲ್ಲೇ ಇರ್ತಾಳೆ ಅಂದೆ. ಅದಕ್ಕೇ ತಡ ಆಯ್ತು."

ಮೇಸ್ತ್ರಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅರ್ಧ ಹಾಜರಿ" ಎಂದಳು.