ನಮ್ಮ ಮನೆಯ ಸಮುದ್ರದ ಊಟ

ನನಗೆ ಈಜು ಬರುವುದಿಲ್ಲ. ಆದರೂ ಕಲಬುರಗಿಗೆ ಸಮುದ್ರ ತಂದವನು ನಾನೇ ಎಂದು ಹೇಳಿಕೊಳ್ಳಲು ಯಾವ ಸಂಕೋಚವೂ ಇಲ್ಲ. ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಟಿವಿ ಇದ್ದ ಜಾಗಕ್ಕೆ ಈಗ ಗಾಜಿನ ತೊಟ್ಟಿ ಬಂದಿದೆ. ಶುದ್ಧ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಹವಳದ ಕಲ್ಲು ಜೋಡಿಸಿ, ನೀರು ಹದಕ್ಕೆ ಬರಲೆಂದು ವಾರಗಟ್ಟಲೆ ಕಾದೆ. ಮೀನು ನೋಡಲು ಬಂದ ನೆರೆಯವರು ಬರೀ ಕಲ್ಲು ನೋಡಿ, ಚಹಾ ಕುಡಿದು ಹೋದರು. ನಮ್ಮೂರ ಬಿಸಿಲಿಗೆ ಆ ನೀರು ತಂಪಾಗಿಡಲು ಯಂತ್ರ ಬೇರೆ. ನಮಗೆ ಫ್ಯಾನು, ಮೀನಿಗೆ ಏರ್ ಕಂಡೀಷನ್ನು!

ಕಡೆಗೂ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಮೀನು ಬಂದವು. ಬಂದು ಊಟ ಬಿಟ್ಟವು. ಮೀನಿಗೆಂದೇ ಮಾರುವ ಒಣ ಕಾಳು ಹಾಕಿದರೆ ಬಾಯಿಗೆ ತೆಗೆದುಕೊಂಡು ಉಗುಳುತ್ತಿದ್ದವು. ಮೀನು ಕೊಟ್ಟಿದ್ದ ರೋಜಾ ಬಡಾವಣೆಯ ಅಂಗಡಿಯವನಿಗೆ ಫೋನ್ ಮಾಡಿದೆ.

"ಸಿಗಡಿ ಹಾಕ್ರಿ ಸಾಬ್, ಐಸಿನ್ಯಾಗ ಇಟ್ಟಿದ್ದು ನನ್ನ ಹತ್ರ ಅದ. ಇಲ್ಲಾಂದ್ರ ಉಳಿಯಂಗಿಲ್ಲ" ಎಂದ.

ಲಿಂಗಪೂಜೆಯ ಮನೆಗೆ ಸಿಗಡಿ! ಹೆಂಡತಿ ಮಹಾದೇವಿ ಅಲ್ಲೇ ತೀರ್ಪು ಕೊಟ್ಟಳು: "ಹಾಲು ಮೊಸರು ಇಡೋ ಫ್ರಿಜ್ಜಿನ್ಯಾಗ ಅದು ಬಂತಂದ್ರ, ನೀವೂ ಅದರ ಜೋಡಿ ಹೊರಗ ನಡೀರಿ. ನಾಳಿ ಅವ್ವ ಬೇರೆ ಬರ್ತಾಳ." ನೀರಿನ ರಸಾಯನಶಾಸ್ತ್ರವನ್ನೆಲ್ಲ ಅರೆದು ಕುಡಿದಿದ್ದ ನಾನು, ಮೀನು ನಮ್ಮ ಮಠದ ಭಕ್ತನಲ್ಲ ಎಂಬ ಸಣ್ಣ ಸಂಗತಿಯನ್ನೇ ಮರೆತಿದ್ದೆ. ಅವು ದಿನೇ ದಿನೇ ಬಡವಾಗುತ್ತಿದ್ದವು.

ಮರುದಿನ ಕಮಲಾಪುರದಿಂದ ಅತ್ತೆ ಬಂದರು, ಕೆಂಪು ಬಾಳೆಹಣ್ಣಿನ ಚೀಲ ಹಿಡಿದು. ಮೀನು ಕಂಡವರೇ ಹಣ್ಣು ಸುಲಿದು ತೊಟ್ಟಿಗೆ ಹಾಕಲು ಹೋದರು. ಕೈ ಹಿಡಿದು ನಿಲ್ಲಿಸಿ, ಸಿಗಡಿಯ ಜಗಳವನ್ನೆಲ್ಲ ಹೇಳಿದೆ. ಊಟಕ್ಕೆ ಕರೆದಾಗ ಅತ್ತೆ ತಾಟು ಪಕ್ಕಕ್ಕೆ ಸರಿಸಿದರು. ಮನೆಯಲ್ಲಿ ಎಲ್ಲರ ಊಟ ಆಗುವ ತನಕ ಅವರು ತುತ್ತು ಎತ್ತುವವರಲ್ಲ.

"ಎಲ್ಲರದೂ ಆಯ್ತಲ್ಲವ್ವ" ಎಂದಳು ಮಹಾದೇವಿ.

"ಆ ಎರಡರದು ಎಲ್ಲಿ ಆಗ್ಯಾದ? ನೀವಾಗೇ ಕರ್ಕೊಂಡು ಬಂದೀರಿ. ಅವು ಹಸ್ಕೊಂಡಿರೋ ಮನ್ಯಾಗ ನನಗ ರೊಟ್ಟಿ ಇಳಿಯಂಗಿಲ್ಲ."

ಮಹಾದೇವಿ ತಾಯಿಯ ಮುಖ ನೋಡಿದಳು, ತೊಟ್ಟಿ ನೋಡಿದಳು, ಆಮೇಲೆ ನನ್ನ ಮೇಲೆ ಹರಿಹಾಯ್ದಳು: "ಇನ್ನೂ ಕುಂತೇ ಇದ್ದೀರಲ್ರಿ! ಲಗೂ ಹೋಗಿ ತರ್ರಿ, ಅವ್ವ ಉಪಾಸ ಅದಾಳ!"

ಓಡಿಹೋಗಿ ಸಿಗಡಿ ತಂದೆ. ಪೊಟ್ಟಣವನ್ನು ಹೊಸ್ತಿಲಾಚೆಯೇ ಬಿಚ್ಚಿ, ಒಂದು ಚೂರನ್ನು ಚಿಮಟದಲ್ಲಿ ಹಿಡಿದು ನೀರಿಗೆ ಬಿಟ್ಟೆ. ಎರಡೂ ಎಗರಿ ಬಂದು ಹಿಡಿದವು. ನನಗೆ ಹೋದ ಜೀವ ಬಂತು. ಅತ್ತೆ ತಾಟು ಎಳೆದುಕೊಂಡು ರೊಟ್ಟಿ ಮುರಿದರು.

ಗೋಡೆಗೆ ಮುಖ ಮಾಡಿ, ಮೂಗಿಗೆ ಸೆರಗು ಹಿಡಿದು ನಿಂತಿದ್ದ ಮಹಾದೇವಿ ಅಲ್ಲಿಂದಲೇ ಹೇಳಿದಳು: "ಅಷ್ಟರಾಗ ಏನ್ ಹೊಟ್ಟಿ ತುಂಬ್ತದ್ರಿ ಅವಕ್ಕ? ಇನ್ನಷ್ಟು ಬಡಿಸ್ರಿ."