ಏಳೂಕಾಲರ ಬಸ್ಸೂ ಮಾವನ ಸ್ಕ್ರಮ್ಮೂ

ಆಗೆಲ್ಲ ನಮ್ಮೂರಿನಲ್ಲಿ ರಗ್ಬಿ ಎಂದರೆ ಏನೆಂದು ಗೊತ್ತಿದ್ದದ್ದು ಒಬ್ಬನೇ ಒಬ್ಬನಿಗೆ. ಅವನೂ ಅದನ್ನು ಆಡಿದವನಲ್ಲ. ಈ ಎರಡನೆಯ ಸಂಗತಿ ನನಗೆ ಆಗ ತಿಳಿದಿರಲಿಲ್ಲ. ಈಗಿನವರನ್ನು ಕಂಡರೆ ಅವನೇ ಎಷ್ಟೋ ವಾಸಿ ಅನ್ನಿಸುತ್ತದೆ. ಈಗಿನವರು ಫೋನ್ ತೆಗೆದು ಯಾವ ದೇಶದ ಮುಂದಿನ ಸಾಲು ಎಷ್ಟು ಕಿಲೋ ಎಂದು ಎರಡು ನಿಮಿಷದಲ್ಲಿ ಹೇಳುತ್ತಾರೆ. ಹೇಳಿ, ತಾವೇ ತೂಗಿ ಬಂದವರ ಹಾಗೆ ಮುಖ ಮಾಡುತ್ತಾರೆ. ಒಂದು ಬಸ್ಸನ್ನಾದರೂ ದೂಡಿದ್ದೀರಾ ಎಂದು ಕೇಳಬೇಕು ಅನ್ನಿಸುತ್ತದೆ. ಕೇಳುವುದಿಲ್ಲ, ಅದಕ್ಕೆ ಕಾರಣ ಇದೆ.

ನಾನು ಏಳನೇ ಕ್ಲಾಸಿನ ಹುಡುಗಿ, ನಮ್ಮ ಕಡೆಯ ಮಾತಿನಲ್ಲಿ 'ಹೆಣೆ'. ವಂಡ್ಸೆಯಿಂದ ಎರಡು ಮೈಲಿ ಒಳಗೆ ನಮ್ಮ ಊರು. ಕುಂದಾಪುರದ ಬಸ್ಸು ರಾತ್ರಿ ಬಂದು ಚಾ ಹೋಟೆಲಿನ ಎದುರಿನ ಮಣ್ಣಿನ ಬಯಲಿನಲ್ಲಿ ಮಲಗುತ್ತಿತ್ತು, ಬೆಳಿಗ್ಗೆ ಏಳೂಕಾಲಕ್ಕೆ ಹೊರಡುತ್ತಿತ್ತು. ಅದಕ್ಕೆ ಬೇರೆ ಹೆಸರೊಂದು ಇತ್ತು, ಗಾಜಿನ ಮೇಲೆ ದೊಡ್ಡದಾಗಿ ಬರೆದೂ ಇತ್ತು, ಆದರೆ ಯಾರೂ ಆ ಹೆಸರು ಹಿಡಿದು ಕರೆದವರಲ್ಲ. ಏಳೂಕಾಲರ ಬಸ್ಸು, ಅಷ್ಟೇ. ಆ ವರ್ಷ ಚೌತಿ ಕಳೆದದ್ದೇ ಅದರ ಸೆಲ್ಫ್ ಕೈಕೊಟ್ಟಿತು. ಮಾಲೀಕ ಕುಂದಾಪುರದಲ್ಲಿ ಕೂತು ಇವತ್ತು ನಾಳೆ ಎನ್ನುತ್ತಿದ್ದ. ಅವನ ಇವತ್ತು ನಾಳೆಯಲ್ಲಿ ತಿಂಗಳು ಕಳೆಯಿತು. ದಿನಾ ಬೆಳಿಗ್ಗೆ ಹತ್ತುವವರೇ ಬಯಲಿನಿಂದ ರಸ್ತೆಯ ಇಳಿಜಾರಿನವರೆಗೆ ಬಸ್ಸನ್ನು ದೂಡಬೇಕಿತ್ತು. ಇಳಿಜಾರಿನಲ್ಲಿ ಅದು ಎರಡು ಸಲ ಕೆಮ್ಮಿ ಸ್ಟಾರ್ಟ್ ಆಗುತ್ತಿತ್ತು. ಡೀಸೆಲ್ ಹೊಗೆ ಮುಖಕ್ಕೆ ಹೊಡೆಯುತ್ತಿತ್ತು, ಕೆಳಗೆ ಡ್ರೈವರ್ ಶೀನಣ್ಣ ನಿಲ್ಲಿಸಿಕೊಂಡು ಕಾಯುತ್ತಿದ್ದ, ನಾವೆಲ್ಲ ಓಡಿ ಹತ್ತುತ್ತಿದ್ದೆವು.

ಅದೇ ಚೌತಿಗೆ ಮುಂಬೈಯಿಂದ ನನ್ನ ಅಮ್ಮನ ತಮ್ಮ ಸದಾನಂದ ಮಾವ ಬಂದ. ಅಲ್ಲಿ ಯಾವುದೋ ದೊಡ್ಡ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಕೆಲಸ. ಕ್ಲಬ್ಬಿಗೊಂದು ಮೈದಾನ, ಮೈದಾನದಲ್ಲಿ ರಗ್ಬಿ. ಮಾವನಿಗೆ ತೊಂಬತ್ತು ಕಿಲೋ ಮೈ, ಎತ್ತಿನಂಥ ಕುತ್ತಿಗೆ. ಕಾಲಿಗೆ ದಪ್ಪ ಬೂಟು, ಅದರ ಅಡಿಯಲ್ಲಿ ಸಾಲಾಗಿ ನಕ್ಷತ್ರದ ಅಚ್ಚು. ಕೈಯಲ್ಲಿ ಪಂಚಕಜ್ಜಾಯ ಹಿಡಿದುಕೊಂಡು, "ನಾವ್ ಅಲ್ಲಿ ಮುಂದಿನ ಸಾಲಲ್ಲಿ ನಿಲ್ಲುದ್" ಎಂದು ಒಂದು ಮಾತು ಹೇಳಿದ. ಕ್ಯಾಂಟೀನಿನ ಕೌಂಟರಿನ ಮುಂದಿನ ಸಾಲೋ, ಆಟದ ಮುಂದಿನ ಸಾಲೋ, ಅದನ್ನು ಅವನೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರುದಿನವೇ ಶಾಲೆಯಲ್ಲಿ ನನ್ನ ಮಾವ ರಗ್ಬಿ ಆಡುವವನು ಎಂದು ಸಾರಿಬಿಟ್ಟೆ. ಗಂಡುಮಕ್ಕಳು ನಕ್ಕರು. ನಾನು ಆಣೆ ಹಾಕಿದೆ. ಅಲ್ಲಿಂದ ಮುಂದೆ ಮಾವನ ಮರ್ಯಾದೆ ನನ್ನ ಮರ್ಯಾದೆ ಆಯಿತು.

ಆಗ ರಗ್ಬಿಯ ವಿಶ್ವಕಪ್ ನಡೆಯುತ್ತಿತ್ತು. ಮಾವ ಕೇಬಲಿನವನನ್ನು ಕಾಡಿ ಒಂದು ಸ್ಪೋರ್ಟ್ಸ್ ಚಾನೆಲ್ ಹಾಕಿಸಿಕೊಂಡ. ಅಮ್ಮನ ಧಾರಾವಾಹಿ ಹೋಯಿತು. "ಎಂತ ಆಟವಾ ಇದ್, ಒಬ್ರ ಮೇಲೆ ಒಬ್ರ್ ಬಿದ್ಕಂಡ್" ಎಂದು ಅವಳು ಗೊಣಗುತ್ತಲೇ ಹಲಸಿನ ಹಪ್ಪಳ ಕರಿದು ತಂದಿಡುತ್ತಿದ್ದಳು. ನಾನು ಮಾವನ ಪಕ್ಕದಲ್ಲಿ ಚಾಪೆಯ ಮೇಲೆ. ಸ್ಕ್ರಮ್ ಎಂದರೆ ಆ ಕಡೆ ಎಂಟು ಜನ, ಈ ಕಡೆ ಎಂಟು ಜನ, ಸಾಲುಸಾಲಾಗಿ ತೋಳಿಗೆ ತೋಳು ಕಟ್ಟಿ ಬಗ್ಗಿ ಒಬ್ಬರನ್ನೊಬ್ಬರು ದೂಡುವುದು. ನಡುವೆ ಚೆಂಡು ಹಾಕುತ್ತಾರೆ. ದೂಡಿ ಗೆದ್ದವರ ಆಟ ಹಗುರ, ಸೋತವರ ಆಟ ಮುಗಿದ ಹಾಗೆ. ಇಷ್ಟನ್ನು ಮಾವ ನನಗೆ ಮೂರು ತೆಂಗಿನಕಾಯಿ ಇಟ್ಟು ತೋರಿಸಿದ.

ಮತ್ತೆ ದೇಶದೇಶಗಳ ಜಾತಕ ಬಿಚ್ಚುತ್ತಿದ್ದ. ಅರ್ಜೆಂಟೀನಾದವರು ದೂಡುವುದಕ್ಕೆಂದೇ ಹುಟ್ಟಿದವರಂತೆ. ಫ್ರಾನ್ಸಿನವರಿಗೆ ಮನಸ್ಸು ಬಂದ ದಿನ ಅವರನ್ನು ತಡೆಯುವವರಿಲ್ಲವಂತೆ. ದಕ್ಷಿಣ ಆಫ್ರಿಕಾದವರು ಗುಡ್ಡೆ. ನ್ಯೂಜಿಲೆಂಡ್ ಎಂದರೆ ಕೈ ಮುಗಿಯುವುದೊಂದು ಬಾಕಿ. ಆಸ್ಟ್ರೇಲಿಯ ಎಂದರೆ ಮೂಗು ಮುರಿಯುತ್ತಿದ್ದ. "ಹಿಂದೆ ಓಡುವರ್ ಲಾಯ್ಕ್ ಇದ್ರ್. ಮುಂದ್ ನಿಂತರ್ ಬರೀ ಹೊಟ್ಟೆ." ಇದನ್ನು ಹೇಳುವಾಗ ಅವನ ಹೊಟ್ಟೆಯ ಮೇಲೆ ಹಪ್ಪಳದ ತಟ್ಟೆ ಇರುತ್ತಿತ್ತು.

ಒಂದು ಶನಿವಾರ ಸಂಜೆ ಆ ಆಸ್ಟ್ರೇಲಿಯಕ್ಕೂ ಇಂಗ್ಲೆಂಡಿಗೂ ಆಟ. "ಮಾವ, ಯಾರ್ ಗೆಲ್ತ್ರ್?" ಎಂದೆ.

"ಟೀವಿಯವ ಆಸ್ಟ್ರೇಲಿಯ ಅಂತ. ಅವ್ನಿಗ್ ಎಂತ ಗೊತ್ತಿತ್ತ್? ಕಿಲೋ ಓದಿ ಹೇಳ್ತ. ನೀನ್ ಕಿಲೋ ಕಾಣ್ಬೇಡ ಹೆಣೆ, ಹೆಗಲೂ ಕಾಣ್ಬೇಡ. ಹೆಗಲ್ ಕೊಟ್ಟ ಹಾಂಗೆ ಯಾರ್ ಬೇಕಾರೂ ಮಾಡ್ಲಕ್ಕ್. ಕಾಲ್ ಕಾಣ್."

ಹಿಮ್ಮಡಿ ಎದ್ದಿದೆಯೋ ನೋಡು. ಬೆರಳು ಮಣ್ಣು ಹಿಡಿದಿದೆಯೋ ನೋಡು. ಪಾದ ಪೂರ್ತಿ ನೆಲಕ್ಕೆ ಕೂತಿದ್ದರೆ ಅವನು ದೂಡುತ್ತಿಲ್ಲ, ಒರಗಿದ್ದಾನೆ. ಮಾವ ಹೇಳಿಕೊಟ್ಟದ್ದು ಇಷ್ಟೇ. ನಾನು ಕಾಲು ನೋಡಿದೆ. ಆಸ್ಟ್ರೇಲಿಯದವರ ಕಾಲುಗಳು ಸಣ್ಣಸಣ್ಣ ಹೆಜ್ಜೆ ಇಟ್ಟು ಹಿಂದೆ ಬರುತ್ತಿದ್ದವು. ಮುಂದಿನ ಸಾಲು ಕುಸಿಯುತ್ತಿತ್ತು. ಇಂಗ್ಲೆಂಡ್ ಎರಡೇ ಪಾಯಿಂಟಿನಲ್ಲಿ ಗೆದ್ದಿತು. ಮಾವ ತಾನೇ ಗೆದ್ದವನ ಹಾಗೆ ಎದ್ದು ಲುಂಗಿ ಬಿಗಿದ. ಮರುದಿನ ಬೆಳಿಗ್ಗೆ ನೋಡಿದರೆ ಅವನು ಪೂಜೆ ಮಾಡುತ್ತಿದ್ದ ನ್ಯೂಜಿಲೆಂಡೇ ಫ್ರಾನ್ಸಿಗೆ ಸೋತು ಮನೆಗೆ ಹೊರಟಿತ್ತು. ಆ ಬಗ್ಗೆ ಮಾತ್ರ ಅವನು ಬಾಯಿ ಬಿಡಲಿಲ್ಲ.

ಆ ಗೆಲುವು ಅವನ ತಲೆಗೆ ಏರಿತು. ಸೋಮವಾರ ಬಸ್ಸಿನ ಹತ್ತಿರ ಬಂದವನೇ ಎಲ್ಲರನ್ನೂ ಸ್ಕ್ರಮ್ಮಿಗೆ ನಿಲ್ಲಿಸಿದ. ಹಿಂದಿನ ಬಂಪರಿಗೆ ಮೂವರು, ನಡುವಿನವನು ತಾನು. ಅವರ ಬೆನ್ನಿಗೆ ಹೈಸ್ಕೂಲಿನ ನಾಲ್ಕು ಹುಡುಗರು, ಸೊಸೈಟಿಯ ಗುಮಾಸ್ತರು. ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, "ನೀನ್ ರೆಫ್ರಿ, ಎಲ್ಲರ ಚೀಲ ಕಾಣ್ತಾ ಇರ್" ಎಂದ. ನನಗೆ ಹೆಮ್ಮೆಯೋ ಹೆಮ್ಮೆ. ಮಾವ ಬಗ್ಗಿ, ಟೀವಿಯ ರೆಫ್ರಿ ಕೂಗುವ ಹಾಗೆಯೇ ಕೂಗಿದ, "ಕ್ರೌಚ್! ಟಚ್! ಪಾಜ್! ಎಂಗೇಜ್!"

"ಎಂತ ಗೇಜ್ ಮಾರ್ರೆ? ದೂಡುದಾ, ಬಿಡುದಾ?" ಎಂದದ್ದು ಗಿರಿಜಕ್ಕ. ದಿನಾ ಖಾಲಿ ಬುಟ್ಟಿ ಹಿಡಿದು ಕುಂದಾಪುರಕ್ಕೆ ಹೋಗಿ ಮೀನು ತಂದು ಊರೂರು ತಿರುಗಿ ಮಾರುವವಳು. ಐವತ್ತು ದಾಟಿದ್ದಳು. ಬುಟ್ಟಿ ಖಾಲಿಯಿದ್ದರೂ ಬಂಗುಡೆಯ ವಾಸನೆ ಅವಳಿಗಿಂತ ಮುಂದೆ ಬರುತ್ತಿತ್ತು. ಅವಳು ದೂಡುವ ಕ್ರಮವೇ ಬೇರೆ. ಬಂಪರಿನ ಮೂಲೆಯಲ್ಲಿ ಬಸ್ಸಿಗೆ ಬೆನ್ನು ಕೊಟ್ಟು, ಸೀರೆ ಎತ್ತಿ ಕಟ್ಟಿ, ಹಿಮ್ಮಡಿ ಊರಿ ಹಿಂದಕ್ಕೆ ನಡೆಯುತ್ತಿದ್ದಳು.

ಬಸ್ಸು ಹೋಯಿತು. ಗುಮಾಸ್ತರೂ "ಹೊಸ ಕ್ರಮ ಲಾಯ್ಕ್ ಇತ್ತ್" ಎಂದರು. ಚಾ ಹೋಟೆಲಿನ ಜಗಲಿಯಲ್ಲಿ ಕೂತು ಗೋಳಿಬಜೆ ಜಗಿಯುತ್ತಿದ್ದವರೂ ತಲೆದೂಗಿದರು. ಅವರು ಒಂದು ದಿನವೂ ಬಂದು ಕೈ ಹಚ್ಚಿದವರಲ್ಲ. ತಲೆದೂಗುವುದಕ್ಕೆ ಮಾತ್ರ ಸದಾ ತಯಾರು.

ಮರುದಿನ ಬೆಳಗಿನ ಜಾವ ಮಳೆ ಬಂದಿತ್ತು. ಬಸ್ಸು ಇಳಿಜಾರಿಗೆ ಹೋದ ಮೇಲೆ ನಾನು ಒಂದು ಗಳಿಗೆ ನಿಂತು ಕೆಂಪು ಮಣ್ಣು ನೋಡಿದೆ. ಮಾವನ ಬೂಟು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಿ ಶಾಲೆಯಲ್ಲಿ ಹೇಳಬೇಕಿತ್ತು. ಹುಡುಗರ ಬೆರಳುಗಳು ಮಣ್ಣನ್ನು ಕೆರೆದಿದ್ದವು. ಗುಮಾಸ್ತರ ಚಪ್ಪಲಿ ಜಾರಿ ಉದ್ದುದ್ದ ಗೀರು. ಗಿರಿಜಕ್ಕನ ಹಿಮ್ಮಡಿ ಇಳಿದಲ್ಲೆಲ್ಲ ಗುಂಡಿ, ಅದರಲ್ಲಿ ಆಗಲೇ ನೀರು. ನಟ್ಟನಡುವೆ ಮಾವನ ಬೂಟಿನ ಗುರುತು. ಒಂದೊಂದು ಹೆಜ್ಜೆಯಲ್ಲೂ ನಕ್ಷತ್ರಗಳು ಅಚ್ಚೊತ್ತಿದ ಹಾಗೆ ಇದ್ದವು. ಒಂದರ ಮೂಲೆಯೂ ಮುರಿದಿರಲಿಲ್ಲ. ಮಾವ ಬಸ್ಸಿನ ಹಿಂದೆ ನಡೆದುಕೊಂಡು ಹೋಗಿದ್ದ, ಅಷ್ಟೇ.

ನಂಬಲಿಲ್ಲ. ಬುಧವಾರ ನೋಡಿದೆ, ಗುರುವಾರ ನೋಡಿದೆ. ನಕ್ಷತ್ರ ಎಲ್ಲ ಸರಿಯಾಗಿಯೇ ಇದ್ದವು. ಮಾವನ ಮುಖ ಕೆಂಪಾಗುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು, "ಹಾಂ, ಇನ್ನೂ" ಎಂಬ ಕೂಗು ಗುಡ್ಡೆಯಾಚೆಗೂ ಕೇಳುತ್ತಿತ್ತು. ದೂಡುತ್ತಿರಲಿಲ್ಲ. ಸಂಜೆ ಅವನು ಹೇಳುತ್ತಿದ್ದದ್ದನ್ನು ಮಾತ್ರ ಕೇಳುತ್ತಲೇ ಇದ್ದೆ. ಗುರುವಾರದೊಳಗೆ ಸ್ಕ್ರಮ್ಮಿನ ಎಂಟರಲ್ಲಿ ಏಳು ಜನರ ಕೆಲಸ ಹೇಳಿ ಮುಗಿಸಿದ್ದ. ಕೊನೆಗೆ ಎಲ್ಲರ ಹಿಂದೆ ಒಬ್ಬನೇ ನಿಲ್ಲುವವನೊಬ್ಬ ಇರುತ್ತಾನೆ, ಅವನದ್ದು ಎಲ್ಲಕ್ಕಿಂತ ಚೆಂದದ ಕೆಲಸ, ಅದನ್ನು ನಾಳೆ ಹೇಳುತ್ತೇನೆ ಎಂದಿದ್ದ.

ಶುಕ್ರವಾರ ಬಸ್ಸು ಯಾಕೋ ಭಾರ ಬಂತು. ಅರ್ಧ ಬಯಲಿನಲ್ಲಿ ನಿಂತುಬಿಟ್ಟಿತು. ಮಾವ ಸೊಂಟಕ್ಕೆ ಕೈಯಿಟ್ಟು ತಿರುಗಿ, "ಗಿರಿಜಕ್ಕ, ನೀವ್ ಬದಿಗ್ ಹೋಯ್ನಿ. ಬೆನ್ನಲ್ಲಿ ದೂಡುದ್ ರೂಲಲ್ಲಿ ಇಲ್ಲೆ. ನಿಮ್ಮಿಂದ ಇಡೀ ಸ್ಕ್ರಮ್ ಹಾಳಾತ್ತ್" ಎಂದ.

ಜಗಲಿಯವರು ಹೋ ಎಂದು ನಕ್ಕರು. ಗಿರಿಜಕ್ಕ ಸೀರೆ ಇಳಿಸಿಕೊಂಡು ಬುಟ್ಟಿಯ ಹತ್ತಿರ ಬಂದು ನಿಂತಳು. ಮಾವ ಕ್ರೌಚ್ ಎಂದ, ಟಚ್ ಎಂದ. ಬಸ್ಸು ಒಂದು ಗೇಣು ಮುಂದೆ ಹೋಗಿ ಒಂದು ಗೇಣು ಹಿಂದೆ ಬಂತು. ನನಗೆ ಎಲ್ಲಿಂದ ಸಿಟ್ಟು ಬಂತೋ.

"ಮಾವ, ನಿಮ್ಮ್ ಬೂಟಿನ ನಕ್ಷತ್ರ ಅಳ್ಸಲೇ ಇಲ್ಲೆ" ಎಂದು ಕೂಗಿದೆ.

"ಎಂತದಾ?"

"ದೂಡಿದ್ರೆ ಅಳಸ್ತಿತ್ತ್. ನಾಲ್ಕ್ ದಿನದಿಂದ ಕಾಣ್ತಾ ಇದ್ದೆ. ನೀವ್ ದೂಡುದಿಲ್ಲೆ. ಒರಗ್ತ್ರಿ."

ಎಲ್ಲರೂ ನೆಲ ನೋಡಿದರು. ಶೀನಣ್ಣನೂ ಸ್ಟೇರಿಂಗ್ ಬಿಟ್ಟು ಇಳಿದು ಬಂದ. ಹೈಸ್ಕೂಲಿನ ಹುಡುಗನೊಬ್ಬ ಬೆರಳು ತೋರಿಸಿ ಎಣಿಸತೊಡಗಿದ. ಜಗಲಿಯವರ ನಗು ಗಿರಿಜಕ್ಕನನ್ನು ಬಿಟ್ಟು ಮಾವನ ಕಡೆ ತಿರುಗಿತು, ಅವರಿಗೆ ಯಾರಾದರೇನು. ಮಾವ ಬಗ್ಗಿ ಆ ಹೆಜ್ಜೆಗಳನ್ನು ಟೀವಿ ನೋಡುವ ಹಾಗೆಯೇ ನೋಡಿದ. ಹುಡುಗರದ್ದು, ಗುಮಾಸ್ತರದ್ದು, ಗಿರಿಜಕ್ಕನ ಗುಂಡಿಗಳು, ತನ್ನದು. ಅದನ್ನು ಓದುವುದು ಅವನಿಗಿಂತ ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ.

"ನೀನ್ ಲಾಯ್ಕ್ ಕಂಡೆ, ಹೆಣೆ" ಎಂದ. ಬೂಟಿನ ಮಣ್ಣನ್ನು ಕಲ್ಲಿಗೆ ಒರೆಸಿ ಮನೆಯ ಕಡೆ ನಡೆದ.

ಗಿರಿಜಕ್ಕ ಮತ್ತೆ ಸೀರೆ ಎತ್ತಿ ಕಟ್ಟಿದಳು. ಬಸ್ಸು ಹೋಯಿತು. ಒಳಗೆ ಅವಳ ಪಕ್ಕದಲ್ಲೇ ನನಗೆ ಜಾಗ ಸಿಕ್ಕಿತು. ಅವಳಿಂದ ಒಂದು ಶಹಭಾಸ್ ಬರುತ್ತದೆ ಎಂದು ಕಾದೆ. ವಂಡ್ಸೆ ಹತ್ತಿರ ಬಂದಾಗ ಅವಳು ಕಿಟಕಿಯಾಚೆ ನೋಡುತ್ತಲೇ ಕೇಳಿದಳು.

"ಎಲ್ಲರ ಕಾಲೂ ಕಂಡೆ, ಅಲ್ದಾ? ನಿನ್ ಕಾಲ್ ಎಲ್ಲಿತ್ತ್?"

"ನಾನ್ ರೆಫ್ರಿ" ಎಂದೆ.

"ಹೌದಾ" ಎಂದಳು.

ಮಾವ ಮರುದಿನ ಬಸ್ಸಿನ ಹತ್ತಿರ ಬರಲಿಲ್ಲ. ಟೀವಿಯನ್ನೂ ಹಾಕಲಿಲ್ಲ, ಅಮ್ಮನ ಧಾರಾವಾಹಿ ವಾಪಸ್ಸು ಬಂತು. ಫೈನಲಿಗೆ ಮೊದಲೇ ಮುಂಬೈ ಬಸ್ಸು ಹತ್ತಿದ. ಹೊರಡುವಾಗ ನಾನು ಕೊಟ್ಟಿಗೆಯ ಹಿಂದೆ ಅಡಗಿದ್ದೆ. ಅವನು ಒಂದು ಸಲ ಹೆಸರು ಹಿಡಿದು ಕರೆದ, ನಾನು ಓಗೊಡಲಿಲ್ಲ.

ಎಂಟು ವರ್ಷ ಕಳೆದು, ಇನ್ನೊಂದು ವಿಶ್ವಕಪ್ಪಿನ ಹೊತ್ತಿಗೆ, ಧೈರ್ಯ ಮಾಡಿ ಅವನಿಗೆ ಫೋನ್ ಮಾಡಿದೆ. ಈ ಸಲ ಯಾರ ಸ್ಕ್ರಮ್ ಗಟ್ಟಿ ಎಂದು ಕೇಳಿದೆ. ಆಚೆ ಕಡೆ ಪಾತ್ರೆ ತೊಳೆಯುವ ಸದ್ದು. "ನಂಗ್ ಎಂತ ಗೊತ್ತಿತ್ತ್ ಹೆಣೆ? ನಾನ್ ಆಡಿದವ್ನಾ?" ಎಂದ. ಅಮ್ಮ ಹುಷಾರಿದ್ದಾಳಾ ಎಂದು ಕೇಳಿ ಇಟ್ಟುಬಿಟ್ಟ.

ಆ ಬಯಲಿಗೆ ಈಗ ಇಂಟರ್‌ಲಾಕ್ ಇಟ್ಟಿಗೆ ಹಾಸಿದ್ದಾರೆ. ಎಷ್ಟು ಮಳೆ ಬಂದರೂ ಅದರ ಮೇಲೆ ಯಾರ ಕಾಲೂ ಮೂಡುವುದಿಲ್ಲ. ಬಸ್ಸಿನ ಸೆಲ್ಫ್ ಒಂದೇ ಸಲಕ್ಕೆ ಹಿಡಿಯುತ್ತದೆ. ಗಿರಿಜಕ್ಕ ಇಲ್ಲ. ಆಫೀಸಿನಲ್ಲಿ, ಮದುವೆಮನೆಯಲ್ಲಿ, ಎಲ್ಲಿ ಹತ್ತು ಜನ ಸೇರಿ ಏನಾದರೂ ಎತ್ತುತ್ತಿದ್ದರೂ ನನ್ನ ಕಣ್ಣು ಮೊದಲು ಕಾಲಿಗೆ ಹೋಗುತ್ತದೆ. ಯಾರು ಒರಗಿದ್ದಾರೆ ಎಂದು ತಕ್ಷಣ ಹೇಳಬಲ್ಲೆ, ಹೇಳಿಯೂ ಹೇಳಿದ್ದೇನೆ. ಒಂದೇ ಒಂದು ಸಲವೂ ತಪ್ಪಿಲ್ಲ. ಮ್ಯಾಚ್ ನೋಡಲು ಪಕ್ಕದಲ್ಲಿ ಕೂರುವವರು ಯಾರೂ ಇಲ್ಲ. ಎಲ್ಲರ ಹಿಂದೆ ಒಬ್ಬನೇ ನಿಲ್ಲುವ ಆ ಎಂಟನೆಯವನ ಕೆಲಸ ಏನೆಂದು ಫೋನಿನಲ್ಲಿ ನಾನೂ ಓದಿದ್ದೇನೆ, ಎರಡು ನಿಮಿಷ ಸಾಕಾಯಿತು. ಅದರಲ್ಲಿ ಅಂಥ ಚೆಂದ ಏನಿದೆ ಎಂಬುದು ಮಾತ್ರ ನನಗೆ ಗೊತ್ತಾಗಲಿಲ್ಲ. ಅದು ಗೊತ್ತಿದ್ದವನು ಕರೆದಾಗ ನಾನು ಕೊಟ್ಟಿಗೆಯ ಹಿಂದೆ ಇದ್ದೆ.