ಗಣತಿಯವರಿಗೆ ಅಮ್ಮ ಹೇಳಿದ ಹೆಸರು

ಬ್ರಹ್ಮಾವರದ ಕಚೇರಿಯೊಂದರಲ್ಲಿ ನಾನು ಗುಮಾಸ್ತೆಯಾಗಿ ಸೇರಿ ಎಂಟು ತಿಂಗಳಾಗಿತ್ತು. ಮೀಸಲಾತಿಯಲ್ಲಿ ಸಿಕ್ಕಿದ ಕೆಲಸ. ಕಾಯಂ ಆಗಬೇಕಾದರೆ ನನ್ನ ಜಾತಿ ಪ್ರಮಾಣಪತ್ರ ಸರಿಯಿದೆಯೆಂದು ಜಿಲ್ಲೆಯ ಜಾತಿ ಪರಿಶೀಲನಾ ಸಮಿತಿಯವರು ಸಿಂಧುತ್ವ ಪತ್ರ ಕೊಡಬೇಕು. ಆ ಅರ್ಜಿ ಇನ್ನೂ ಅವರ ಮೇಜಿನ ಮೇಲಿತ್ತು. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಮ್ಮ ಮೀನಿನ ಬುಟ್ಟಿ ಹೊತ್ತು ಹೆಮ್ಮಾಡಿಯ ಮನೆಮನೆ ತಿರುಗಿ ಓದಿಸಿದಳು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಶಾಲೆಯ ಟೀಚರುಗಳು ಮನೆಮನೆಗೆ ಹೋಗಿ ಜಾತಿ ಗಣತಿ ಮಾಡುತ್ತಿದ್ದ ದಿನಗಳವು. ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಅಮ್ಮನ ಫೋನು ಬಂತು.

"ಹೆಣೆ, ನಿನ್ ಮೊಬೈಲಿಗೆ ಎಂತದೋ ನಂಬ್ರ ಬಂದಿತ್ತಂಬ್ರ್. ಹೇಳ್ ಕಾಂಬ. ಗಣತಿ ಟೀಚರ್ ಬಂದ್ ಕೂಕಂಡಿದ್ರ್."

ಮೇಜಿನ ಮುಂದೆ ಜನ ಕಾಯುತ್ತಿದ್ದರು. ಆರು ಅಂಕಿಗಳನ್ನು ಓದಿ ಹೇಳಿ ಫೋನಿಟ್ಟೆ. ಅಮ್ಮ ಕೊಟ್ಟ ಉತ್ತರಗಳಿಗೆಲ್ಲ ನಾನು ಒಪ್ಪಿಗೆ ಕೊಟ್ಟ ಹಾಗಾಯಿತು ಎಂಬುದು ಆಗ ತಲೆಗೆ ಹೋಗಲಿಲ್ಲ.

ಸಂಜೆ ಚಾ ಕುಡಿಯುವಾಗ ಅಮ್ಮ ನಗುತ್ತ ವರದಿ ಒಪ್ಪಿಸಿದಳು. "ಭಾಷೆ ಯಾವ್ದ್ ಅಂತ ಕೇಂಡ್ರ್. ಇಷ್ಟೊತ್ತ್ ನಿಮ್ಮತ್ರ ಮಾತಾಡದ್ದ್ ಎಂತ, ಇಂಗ್ಲಿಷಾ ಅಂದೆ. ಧರ್ಮ ಕೇಂಡ್ರ್. ದೇವ್ರ ದೀಪ ಕಾಂತಿಲ್ಯಾ ಅಂದೆ."

"ಜಾತಿ ಕೇಳಲಿಲ್ಲವಾ?"

"ಕೇಂಡ್ರ್. ಮೊಗೇರ್ ಅಂದೆ. ಮತ್ತೆಂತ ಹೇಳುದ್?"

ಚಾ ಲೋಟ ಕೆಳಗಿಟ್ಟೆ. ಊರಲ್ಲಿ ನಮ್ಮನ್ನು ಕರೆಯುವುದು ಹಾಗೆಯೇ, ನಿಜ. ಅಜ್ಜಿಯನ್ನೂ ಹಾಗೆಯೇ ಕರೆಯುತ್ತಿದ್ದರು. ಆದರೆ ನನ್ನ ಶಾಲೆಯ ದಾಖಲೆಯಲ್ಲಿ, ಪ್ರಮಾಣಪತ್ರದಲ್ಲಿ ಇರುವುದು ಮೊಗವೀರ. ಸರಕಾರದ ಪಟ್ಟಿಯಲ್ಲಿ ಮೊಗೇರ ಎಂಬುದು ಬೇರೆಯೇ ಸಮುದಾಯದ ಹೆಸರು. ಅವರ ಮೀಸಲಾತಿಯೂ ಬೇರೆ. ಅಮ್ಮನ ಬಾಯಲ್ಲಿ ಒಂದೇ ಆಗಿರುವ ಹೆಸರುಗಳು ಕಾಗದದ ಮೇಲೆ ಎರಡು ಜನ.

ಒಂದೇ ಮನೆಯಲ್ಲಿ ತಾಯಿಯದೊಂದು ಜಾತಿ, ಮಗಳದೊಂದು. ನೋಡಿದವರು ಏನೆಂದುಕೊಂಡಾರು? ಹಿಂದಿನ ತಿಂಗಳಷ್ಟೇ ಯಾರಿಗೋ ಹೋಗಬೇಕಾದ ನೋಟಿಸನ್ನು ನಾನೇ ಟೈಪು ಮಾಡಿದ್ದೆ. "ಸುಳ್ಳು ಜಾತಿ ಪ್ರಮಾಣಪತ್ರ ಸಲ್ಲಿಸಿರುವ ಬಗ್ಗೆ" ಎಂದು ಅದರ ವಿಷಯದ ಸಾಲು. ಈಗ ಆ ಸಾಲಿನ ಕೆಳಗೆ ನನ್ನ ಹೆಸರು ಕಾಣತೊಡಗಿತು. ರಾತ್ರಿ ಅನ್ನ ಇಳಿಯಲಿಲ್ಲ. ಅಮ್ಮ ಮೀನಿಗೆ ಉಪ್ಪು ಹೆಚ್ಚಾಯಿತೇನೋ ಎಂದು ತನ್ನ ಬಟ್ಟಲಿನಿಂದ ರುಚಿ ನೋಡಿದಳು.

ಮರುದಿನ ರಜೆ ಹಾಕಿ ಟೀಚರನ್ನು ಹುಡುಕಿಕೊಂಡು ಹೊರಟೆ. ನಾಲ್ಕು ಮನೆ ಆಚೆ, ಒಂದು ಜಗಲಿಯ ಮೂಲೆಯಲ್ಲಿ ನೆಟ್‌ವರ್ಕಿಗಾಗಿ ಮೊಬೈಲು ಎತ್ತಿ ಹಿಡಿದು ನಿಂತಿದ್ದರು. ನನ್ನ ಮಾತು ಕೇಳಿ ಅವರಿಗೆ ನಗು ಬಂತು.

"ಗಣತೀದ್ ಯಾರಿಗೂ ತೋರ್ಸುದಿಲ್ಲ ಮಾರಾಯ್ತಿ. ನಿನ್ ಕೆಲ್ಸಕ್ಕೂ ಇದಕ್ಕೂ ಎಂತ ಸಂಬಂಧ?"

ಇರಬಹುದು. ಆದರೆ ನಾನು ಕಚೇರಿಯವಳು. ಯಾರಿಗೂ ಕಾಣಬಾರದ ಕಾಗದ ಯಾರ್‍ಯಾರ ಕೈಗೆ ಹೋಗುತ್ತದೆಂದು ದಿನಾ ನೋಡುತ್ತೇನೆ.

"ತಿದ್ದಲು ಆಗುವುದೇ ಇಲ್ಲವಾ ಟೀಚರ್?"

ಅವರು ನಗು ನಿಲ್ಲಿಸಿದರು. "ಇವತ್ತ್ ಸಂಜೆ ಒಳಗೆ ತಿದ್ದುಕಾತ್ತ್. ಆರೆ ನೀನ್ ಹೇಳಿರೆ ಆತಿಲ್ಲೆ. ಹೇಳ್ದವ್ರೇ ಹೇಳ್ಕ್."

ಅವರನ್ನು ಕರೆದುಕೊಂಡು ಮನೆಗೆ ಬಂದೆ. ಅಮ್ಮ ಸಂತೋಷದಿಂದ "ಕೂಕಣಿ ಟೀಚರ್ರೆ" ಎಂದು ಚಾಪೆ ಹಾಸಿದಳು. ವಿಷಯ ಗೊತ್ತಾದ ಮೇಲೆ ನನ್ನ ಕಡೆ ತಿರುಗಿದಳು.

"ನಾನ್ ಸುಳ್ ಹೇಳಿದ್ನಾ?"

"ಸುಳ್ಳಲ್ಲ ಅಮ್ಮ."

"ಮತ್ತೆ?"

ಪಟ್ಟಿ, ಸಮಿತಿ, ಸಿಂಧುತ್ವ ಎಂದು ಏನೇನೋ ಹೇಳಿದೆ. ಕೊನೆಗೆ, "ನನ್ನ ಕೆಲಸ ಹೋಗಬಹುದು" ಎಂದೆ. ಅಷ್ಟು ಅವಳಿಗೆ ತಿಳಿಯಿತು.

ಟೀಚರ್ ಮೊಬೈಲು ತೆರೆದು ಮೊದಲಿನ ಹಾಗೆಯೇ ಕೇಳಿದರು, "ಅಕ್ಕ, ನಿಮ್ ಜಾತಿ ಯಾವ್ದ್?"

ಅಮ್ಮ ಬಾಯಿ ತೆರೆದವಳು ತಡೆದಳು. ಗಿರಾಕಿ ಎಷ್ಟೇ ಚೌಕಾಸಿ ಮಾಡಲಿ, ಅವಳು ಮಾತಿಗೆ ತಡವರಿಸಿದ್ದನ್ನು ನಾನು ನೋಡಿರಲಿಲ್ಲ.

"ಎಂತ ಹೇಳ್ಕ್ ಮಗಾ?"

"ಮೊಗವೀರ."

"ಮೊಗವೀರ," ಎಂದಳು. ಹೇಳಿದ್ದು ಟೀಚರಿಗಲ್ಲ, ನನಗೆ.

ಮತ್ತೆ ಆರು ಅಂಕಿ ಬಂದವು. ತಪ್ಪಿದರೆ ಎಂಬ ಹೆದರಿಕೆಯಲ್ಲಿ ಎರಡೆರಡು ಸಲ ಓದಿದೆ. ಟೀಚರ್ ಹೋದ ಮೇಲೆ ಅಮ್ಮ ಬಾಗಿಲು ಹಾಕಿಕೊಂಡು ಬಂದಳು. ಹಗಲು ಹೊತ್ತಿನಲ್ಲಿ ನಮ್ಮ ಮನೆಯ ಬಾಗಿಲು ಹಾಕುವ ಕ್ರಮವೇ ಇರಲಿಲ್ಲ.

ಸಿಂಧುತ್ವ ಪತ್ರ ಆಮೇಲೆ ಬಂತು. ಸಮಿತಿಯವರು ಗಣತಿಯ ಸುದ್ದಿಯನ್ನೇ ಎತ್ತಲಿಲ್ಲ. ನನ್ನ ಹೆದರಿಕೆ ಇಳಿಯಿತು. ಅಮ್ಮನದು ಇಳಿದಿಲ್ಲ. ಮೊನ್ನೆ ಗ್ಯಾಸಿನವರು ಬಂದು ಅವಳ ಹೆಸರು ಕೇಳಿದರಂತೆ. "ಮಗ್ಳ್ ಬರ್ಲಿ, ಅದೇ ಹೇಳತ್ತ್" ಎಂದು ವಾಪಸು ಕಳಿಸಿದ್ದಾಳೆ.